ಕೆಂಪು ತುದಿ

ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ನಮ್ಮ ಟೈಲರಮ್ಮ ಊಟ ಬಲ್ಲವಳೇ ಸರಿ. ಐವತ್ತೆರಡು ವರ್ಷದಲ್ಲಿ ಮದುವೆಮನೆಯಲ್ಲೂ ಎರಡನೇ ಸಲ ಬಡಿಸಿಕೊಂಡವಳಲ್ಲ. ಆದರೆ ಪರದೇಶದ ಬಿಸಿಲಿಗೆ ನಾಲಗೆ ಒಣಗಿತು ನೋಡಿ, ತಂಗಿ ಬೇಡ ಬೇಡ ಅಂದರೂ ಕೇಳದೆ ರಸ್ತೆ ಬದಿಯಲ್ಲಿ ಐಸ್ ಹಾಕಿದ ಹಣ್ಣಿನ ರಸ ಕುಡಿದಳು. ಒಂದೇ ಒಂದು ಲೋಟ. ಸಂಜೆಯ ಹೊತ್ತಿಗೆ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡುವ ಹಾಗೆ ಶುರುವಾಯಿತು.

ಈ ಪ್ರವಾಸವೇ ತಂಗಿಯ ಹಟ. ಅಮ್ಮ ತೀರಿಕೊಂಡಾಗ ಅಕ್ಕನಿಗೆ ಇಪ್ಪತ್ತು ವರ್ಷ, ತಂಗಿಗೆ ಆರು ತಿಂಗಳು. ಹೊಲಿಗೆ ಮಷೀನಿನ ಶಬ್ದವನ್ನೇ ಜೋಗುಳ ಮಾಡಿ ಅಕ್ಕ ಅವಳನ್ನು ಸಾಕಿದಳು. ಎರಡು ವರ್ಷದವಳಿದ್ದಾಗ ಕೋಟಿನ ಗುಂಡಿ ನುಂಗಿ, ಅದು ಹೊರಬರುವ ತನಕ ಮೂರು ದಿನ ಅಕ್ಕನನ್ನು ಕಾಯಿಸಿದ್ದಕ್ಕೆ ಅವಳಿಗೆ ಗುಂಡಿ ಅಂತಲೇ ಹೆಸರು ಬಿತ್ತು. ಈಗ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಮಕ್ಕಳೆಲ್ಲ ಹೆದರುತ್ತಾರೆ; ಮನೆಯಲ್ಲಿ ಮಾತ್ರ ಗುಂಡಿಯೇ. ಟೈಲರಮ್ಮನ ತಂಗಿಯಾಗಿಯೂ ಸೂಜಿಗೆ ದಾರ ಪೋಣಿಸಲು ಬಾರದು. ಚಿಕ್ಕಂದಿನಲ್ಲಿ ಅಂಗಡಿಯ ಟೇಬಲ್ಲಿನ ಮೇಲೆ ಮೊಣಕೈಗೆ ಮೊಣಕೈ ಕೂಡಿಸಿ, ಅಕ್ಕನ ಮೊಳಕ್ಕೂ ತನ್ನ ಮೊಳಕ್ಕೂ ಅಳತೆ ನೋಡಿ, "ನಂಗೂ ಕತ್ತರಿ ಕೊಡು" ಎಂದು ಕಾಡುತ್ತಿದ್ದಳು. ಅದು ಅಮ್ಮನ ಕತ್ತರಿ, ಯಾರೂ ಮುಟ್ಟುವ ಹಾಗಿಲ್ಲ; ಅಕ್ಕ ಎಲ್ಲಿಗೆ ಹೋದರೂ ಪೆಟ್ಟಿಗೆಯಲ್ಲಿಟ್ಟುಕೊಂಡೇ ಹೋಗುವಳು. "ನಿನ್ನ ಮೊಳ ನನ್ನ ಮೊಳ ದಾಟಲಿ, ಆಗ ಕೊಡ್ತೀನಿ" ಎನ್ನುತ್ತಿದ್ದಳು ಅಕ್ಕ. ದಾಟಲೇ ಇಲ್ಲ. ಗುಂಡಿ ಬೆಳೆದದ್ದೇ ಅಷ್ಟು.

ಹೊಟ್ಟೆ ಕೆಟ್ಟವರ ಮುಂದೆ ವೈದ್ಯರಲ್ಲದವರು ಪ್ರಪಂಚದಲ್ಲಿ ಯಾರೂ ಇಲ್ಲ. ಪ್ರವಾಸದ ಬಸ್ಸಿನಲ್ಲಿದ್ದ ನಿವೃತ್ತ ಪೋಸ್ಟ್‌ಮಾಸ್ಟರು ಸುಟ್ಟ ಬ್ರೆಡ್ಡು ತಿನ್ನಿ ಅಂದರು. ಅವರ ಹೆಂಡತಿ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ ಅಂದರು. ಗೈಡು ಕಪ್ಪು ಟೀಗೆ ನಿಂಬೆ ಹಿಂಡಿಸಿದ. ಹಿಂದಿನ ಸೀಟಿನ ತಾತನೊಬ್ಬರು ಎಡಮಗ್ಗುಲಲ್ಲೇ ಮಲಗಬೇಕು, ಬಲಕ್ಕೆ ತಿರುಗಿದರೆ ಕೆಟ್ಟಿರಿ ಎಂದು ಹೆದರಿಸಿದರು. ಎಲ್ಲ ಮಾಡಿದ್ದಾಯಿತು. ಆಮೇಲೆ ಅವರೆಲ್ಲ ಐದು ದಿನ ಬಿಟ್ಟು ವಿಮಾನದ ಹೊತ್ತಿಗೆ ಸಿಗುತ್ತೇವೆಂದು ಹೇಳಿ ಬಸ್ಸು ಹತ್ತಿ ಹೋದರು. ಅಕ್ಕತಂಗಿಯರು ಲಾಡ್ಜಿನ ಮೂರನೇ ಮಹಡಿಯಲ್ಲಿ ಉಳಿದರು.

ಡಾಕ್ಟರು ಎರಡು ಸಲ ಬಂದ. ಮಾತ್ರೆ ಹೋದ ದಾರಿಯಲ್ಲೇ ವಾಪಸ್ ಬಂತು. ಸೂಜಿ ಚುಚ್ಚಿದ, ಗ್ಲೂಕೋಸು ಏರಿಸಿದ, ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಹೆಗಲು ಕುಣಿಸಿ ಹೋದ. ಟೈಲರಮ್ಮನಿಗೆ ಗೋಡೆ ಹಿಡಿಯದೆ ನಿಲ್ಲಲಾಗುತ್ತಿರಲಿಲ್ಲ. ಕಣ್ಣು ಗುಳಿಬಿದ್ದವು. ಬಚ್ಚಲಿನ ಕನ್ನಡಿಯಲ್ಲಿ ಮುಖ ನೋಡಿಕೊಂಡಾಗ ಥೇಟ್ ಅಮ್ಮನ ಕೊನೆಯ ವಾರದ ಮುಖ. ಅದನ್ನು ಅವಳು ತಂಗಿಗೆ ಹೇಳಲಿಲ್ಲ. ಹೇಳದೆಯೂ ಗುಂಡಿಗೆ ಗೊತ್ತಾಗಿತ್ತು. ಅಮ್ಮನ ಕೊನೆಯ ದಿನಗಳ ಫೋಟೋ ಮನೆಯ ಗೋಡೆಯ ಮೇಲಿದೆಯಲ್ಲ.

ಲಾಡ್ಜಿನ ಅಡುಗೆಯವನು ನಮ್ಮ ಭಾಷೆಯವನೇ. ಆ ಊರಿಗೆ ಬಂದು ಮೂವತ್ತು ವರ್ಷವಾಗಿತ್ತು. ಗಂಜಿ ತಂದಿಟ್ಟು ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದ. ಅಷ್ಟು ಸಂಕಟದಲ್ಲೂ ಟೈಲರಮ್ಮನ ಕಣ್ಣು ಅವನ ಅಂಗಿಯ ಮೇಲೆ. ಬಲತೋಳು ಮಣಿಕಟ್ಟಿಗೆ ಸರಿಯಾಗಿತ್ತು, ಎಡತೋಳು ಗೆಣ್ಣಿನ ತನಕ ಇಳಿದಿತ್ತು.

"ಯಾವ ಪುಣ್ಯಾತ್ಮ ಹೊಲಿದಿದ್ದು ಅದನ್ನ?" ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವನು ಎಡಗೈಯನ್ನು ಬೆನ್ನ ಹಿಂದೆ ಸರಿಸಿದ. ಆಮೇಲೆ ಗುಂಡಿಯನ್ನು ಹೊರಗೆ ಕರೆದು ಅಡುಗೆಮನೆಯಲ್ಲಿ ಬಹಳ ಹೊತ್ತು ಏನೋ ಹೇಳಿದ. ವಾಪಸ್ ಬಂದಾಗ ಗುಂಡಿಯ ಮುಖ ಬಿಳಿಚಿತ್ತು.

"ಅಕ್ಕ, ಇಲ್ಲಿ ದಾರದವಳು ಅಂತ ಒಬ್ಬಳಿದಾಳಂತೆ. ಹೋಗಿ ಬರೋಣ."

"ದಾರ ಕಟ್ತಾಳಾ? ಲೆಕ್ಕದ ಟೀಚರು ನೀನು, ನಾಚಿಕೆ ಆಗಲ್ವಾ?"

"ಮುಳುಗೋರಿಗೆ ಹುಲ್ಲುಕಡ್ಡಿ. ಏಳು."

ಸೈಕಲ್ ರಿಪೇರಿ ಅಂಗಡಿಯ ಮೇಲೆ ಕಿರಿದಾದ ಮೆಟ್ಟಿಲು. ಒಂದು ಕಡೆ ತಂಗಿ, ಇನ್ನೊಂದು ಕಡೆ ಅಡುಗೆಯವನು ಹಿಡಿದು ಹತ್ತಿಸಿದರು. ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಪಕ್ಕದ ಕಟ್ಟಡದ ಗೋಡೆಗೆ ತೆರೆಯುವ ಕಿಟಕಿ. ಮೊಳೆ ಹೊಡೆದ ಹಲಗೆಗಳ ತುಂಬ ಬಿಳಿ ದಾರಗಳು, ನೂರಾರು, ಒಂದೊಂದರ ತುದಿಗೂ ನಾಲ್ಕು ಬೆರಳಿನಷ್ಟು ಕೆಂಪು ದಾರ ಸುತ್ತಿತ್ತು. ಗಾಳಿಯ ಸುಳಿವೇ ಇರಲಿಲ್ಲ. ಆದರೂ ಅಲ್ಲೊಂದು ಇಲ್ಲೊಂದು ದಾರ ನಿಧಾನವಾಗಿ ಅಲ್ಲಾಡುತ್ತಿತ್ತು.

"ಅಲ್ಲಾಡ್ತಿರೋದು ಬದುಕಿರೋರದ್ದು" ಎಂದ ಅಡುಗೆಯವನು. ಟೈಲರಮ್ಮ ಎಣಿಸಲು ಹೋಗಲಿಲ್ಲ. ಎಣಿಸುವಷ್ಟು ಇರಲಿಲ್ಲ.

ದಾರದವಳು ಕನ್ನಡಕ ಹಾಕಿದ ಸಾಧಾರಣ ಹೆಂಗಸು, ಪೋಸ್ಟಾಫೀಸಿನ ಗುಮಾಸ್ತೆಯ ಹಾಗಿದ್ದಳು. ಮಂತ್ರವಿಲ್ಲ, ಧೂಪವಿಲ್ಲ. ದಾರದ ಉಂಡೆಯನ್ನು ಟೈಲರಮ್ಮನ ಮುಂದಿಟ್ಟು, ನಿನ್ನ ಕೈಯಲ್ಲಿ ಮೂರು ಮೊಳ ಅಳೆದು ನೀನೇ ಕತ್ತರಿಸು ಎಂದು ಸನ್ನೆ ಮಾಡಿದಳು. ಇದು ಬರುವ ಕೆಲಸ. ಮೂವತ್ತೈದು ವರ್ಷದಿಂದ ಅದೇ ಮೊಳದಲ್ಲಿ ಬಟ್ಟೆ ಅಳೆದ ಕೈ. ಅಳೆದಳು, ಕತ್ತರಿಸಿದಳು. ದಾರದವಳು ಒಂದು ತುದಿಗೆ ಕೆಂಪು ಸುತ್ತಿ ದಾರವನ್ನು ಒಮ್ಮೆ ಟೈಲರಮ್ಮನ ಹೊಟ್ಟೆಯ ಮೇಲೆ ಎಳೆದು, ಅವಳ ಅದೇ ಮೊಣಕೈಯಿಂದ ಅದೇ ಬೆರಳಿಗೆ ಮತ್ತೆ ಅಳೆದಳು. ನಾಲ್ಕು ಬೆರಳು ಕಡಿಮೆ ಬಂತು.

"ನಾನು ಅಳೆದದ್ದು ತಪ್ಪಾಗೋಕೆ ಸಾಧ್ಯನೇ ಇಲ್ಲ!" ರೇಗಿದಳು ಟೈಲರಮ್ಮ.

"ತಪ್ಪಲ್ಲ ಅಕ್ಕಾರೆ, ರೋಗ ತಿಂದಿರೋದು ಅಷ್ಟು" ಎಂದ ಅಡುಗೆಯವನು.

ಬಿಳಿ ತುದಿ ರೋಗಿಯ ಕೈಗೆ. ಕೆಂಪು ತುದಿ ಒಡಹುಟ್ಟಿದವಳ ಕೈಗೆ. ದಾರದವಳು ಹೆಬ್ಬೆರಳು ತೋರುಬೆರಳ ನಡುವೆ ದಾರ ಹಿಡಿದು, ಕೆಂಪಿನಿಂದ ಬಿಳಿಗೆ, ಕೆಂಪಿನಿಂದ ಬಿಳಿಗೆ, ಹಸುವಿನ ಹಾಲು ಕರೆಯುವವಳ ಹಾಗೆ ನೀವಿದಳು. ಗುಂಡಿ ಹಲ್ಲು ಕಚ್ಚಿ ಕೂತಿದ್ದಳು. ಮತ್ತೆ ಅಳೆದಾಗ ಮೂರೇ ಬೆರಳು ಕಡಿಮೆ. ದಾರವನ್ನು ಮಡಿಸಿ ರೋಗಿಯ ದಿಂಬಿನ ಕೆಳಗಿಡಲು ಕೊಟ್ಟು, ಇನ್ನೆರಡು ದಿನ ಬನ್ನಿ ಎಂದಳು.

ಅಂದು ಗಂಜಿ ಒಳಗೇ ಉಳಿಯಿತು. ಎರಡನೇ ದಿನದ ಅಳತೆಯಲ್ಲಿ ಎರಡೇ ಬೆರಳು ಕಡಿಮೆ. ಟೈಲರಮ್ಮ ಯಾರ ಆಸರೆಯೂ ಇಲ್ಲದೆ ಮೆಟ್ಟಿಲಿಳಿದಳು. ಎಷ್ಟೋ ದಿನದ ಮೇಲೆ ಹಸಿವು ಅಂದಳು. ಗುಂಡಿ ಬೀದಿಯಲ್ಲೇ ಅತ್ತುಬಿಟ್ಟಳು.

ಆದರೆ ಟೈಲರಮ್ಮನ ಕಣ್ಣು ಸುಮ್ಮನಿರುತ್ತದೆಯೇ? ಮಧ್ಯಾಹ್ನ ಮಂಚದಲ್ಲಿ ಒರಗಿ ಅವಳು ಆ ದಾರದ ಬಗ್ಗೆಯೇ ಯೋಚಿಸಿದಳು. ಬಟ್ಟೆಯಾಗಲಿ ದಾರವಾಗಲಿ ತಾನಾಗಿ ಬೆಳೆಯುವುದಿಲ್ಲ. ಒಂದು ಕಡೆ ಎರಡು ಬೆರಳು ಹೆಚ್ಚಾಯಿತೆಂದರೆ ಇನ್ನೊಂದು ಕಡೆ ಎರಡು ಬೆರಳು ಹೋಗಿರಲೇಬೇಕು. ಗುಂಡಿ ಸ್ನಾನಕ್ಕೆ ಹೋಗಿದ್ದಳು. ಕುರ್ಚಿಯ ಮೇಲೆ ಅವಳ ತುಂಬುತೋಳಿನ ಕುರ್ತಾ, ಪ್ರವಾಸಕ್ಕೆಂದೇ ಅಕ್ಕ ಹೊಲಿದದ್ದು. ಬಲತೋಳಿನ ಅಂಚು ದಪ್ಪಗಿತ್ತು. ತಿರುಗಿಸಿ ನೋಡಿದಳು.

ಎರಡು ಬೆರಳಿನಷ್ಟು ತೋಳನ್ನು ಒಳಗೆ ಮಡಿಚಿ ಹೊಲಿದಿತ್ತು. ಅಡ್ಡಾದಿಡ್ಡಿ ಹೊಲಿಗೆ, ಒಂದು ಇಲ್ಲಿ, ಒಂದು ಅಲ್ಲಿ, ಗಂಟಿನ ಮೇಲೆ ಗಂಟು. ಸೂಜಿಗೆ ದಾರ ಪೋಣಿಸಲು ಬಾರದವಳು ಎಷ್ಟು ಹೊತ್ತು ಕೂತು ಹೊಲಿದಳೋ, ಎಷ್ಟು ಸಲ ಬೆರಳು ಚುಚ್ಚಿಕೊಂಡಳೋ. ಕೈ ಗಿಡ್ಡವಾದದ್ದು ಅಕ್ಕನ ಕಣ್ಣಿಗೆ ಬೀಳಬಾರದು ಅಂತ. ಗೊತ್ತಿದ್ದೇ ಕೆಂಪು ತುದಿ ಹಿಡಿದಿದ್ದಾಳೆ ಮುಂಡೇದು.

ಕುರ್ತಾ ಇದ್ದ ಹಾಗೇ ಇಟ್ಟು ನೆಟ್ಟಗೆ ಅಡುಗೆಮನೆಗೆ ಇಳಿದಳು. ಅಡುಗೆಯವನು ಈರುಳ್ಳಿ ಹೆಚ್ಚುತ್ತಿದ್ದ. ಅವಳು ಅವನ ಎಡತೋಳನ್ನು ಹಿಡಿದೆತ್ತಿ ಮೇಜಿನ ಮೇಲೆ ಬಲತೋಳಿನ ಪಕ್ಕ ಇಟ್ಟಳು. ಗಿಡ್ಡವಾಗಿದ್ದದ್ದು ಎಡಗೈ; ಅಂಗಿ ಹೊಲಿದವನದೇನೂ ತಪ್ಪಿರಲಿಲ್ಲ.

"ನಿಮ್ಮ ತಂಗಿಗೆ ಎಲ್ಲಾ ಹೇಳೇ ಕರ್ಕೊಂಡು ಹೋಗಿದ್ದು" ಎಂದ ಅವನು, ಮುಖ ಎತ್ತದೆ. "ಮುಚ್ಚಿಡಲಿಲ್ಲ ಅಕ್ಕಾರೆ. ಮೊದಲೆರಡು ದಿನ ಕೆಂಪು ತುದಿಯವರ ಅಳತೆ ಮಾತ್ರ ಹೋಗುತ್ತೆ. ಮೂರನೇ ದಿನ ರೋಗ ಪೂರ್ತಿ ಅವರಿಗೆ ದಾಟುತ್ತೆ."

"ದಾಟಿದ ಮೇಲೆ?"

"ಕೆಲವರು ತಡ್ಕೋತಾರೆ." ಚಾಕು ನಿಂತಿತು. "ನಮ್ಮಮ್ಮನಿಗೆ ಎರಡು ದಿನ ನಾನು ಹಿಡಿದೆ. ಮೂರನೇ ದಿನ ಹೆದರಿಕೆ ಆಯ್ತು. ತಮ್ಮ ಹಿಡಿದ."

ತಮ್ಮ ಎಲ್ಲಿದ್ದಾನೆ ಅಂತ ಅವಳು ಕೇಳಲಿಲ್ಲ.

"ನಾಳೆ ಹೋಗದೇ ಇದ್ರೆ?"

"ಅರ್ಧಕ್ಕೆ ಬಿಟ್ರೆ ಇಬ್ಬರೂ ಉಳಿಯಲ್ಲ."

"ತುದಿ ಅದಲುಬದಲಾದ್ರೆ?"

ಅವನು ಈಗ ತಲೆ ಎತ್ತಿದ. "ದಾರಕ್ಕೆ ಜನ ಗೊತ್ತಿಲ್ಲ, ಬಣ್ಣನೂ ಗೊತ್ತಿಲ್ಲ. ತುದಿ ಮಾತ್ರ ಗೊತ್ತು. ಕೆಂಪು ಸುತ್ತಿರೋದು ನಮ್ಮ ಗುರುತಿಗೆ. ಬದಲಾದ್ರೆ ಎಲ್ಲಾ ಹಿಂದಕ್ಕೆ ಹರಿಯುತ್ತೆ, ಹೋದದ್ದಕ್ಕಿಂತ ಜಾಸ್ತಿನೇ. ಆದ್ರೆ ನಿಮ್ಮ ತಂಗಿ ಒಪ್ತಾಳಾ?"

"ಅವಳನ್ನ ಯಾರು ಕೇಳ್ತಾರೆ?"

ಮೇಲೆ ಬಂದಾಗ ಬಚ್ಚಲಿನಲ್ಲಿ ಇನ್ನೂ ನೀರಿನ ಸದ್ದು. ದಿಂಬಿನ ಕೆಳಗಿಂದ ದಾರ ತೆಗೆದಳು. ಕೆಂಪನ್ನು ಸುತ್ತುಸುತ್ತಾಗಿ ಬಿಚ್ಚಿ, ಇನ್ನೊಂದು ತುದಿಗೆ ನಾಲ್ಕು ಬೆರಳು ಅಳೆದು, ಸುತ್ತಿಗೆ ಸುತ್ತು ತಾಗಿಸಿ ಬಿಗಿಯಾಗಿ ಸುತ್ತಿದಳು. ಕೊನೆಯ ಎಳೆಯನ್ನು ಸೂಜಿಯಿಂದ ಒಳಗೆ ಎಳೆದಳು. ಹೆದರಿಕೆ ಆಗಲಿಲ್ಲವೇ ಅಂದರೆ, ಆಯಿತು. ಬದುಕಬೇಕು ಅಂತ ಅವಳಿಗೂ ಆಸೆಯಿತ್ತು, ಅದರಲ್ಲೂ ಹಸಿವು ಬಂದ ದಿನ. ಆದರೆ ಆ ಗುಂಡಿಗಾಗಿ ಮೂರು ದಿನ ಕಾದು ಕೂತವಳು ಅವಳು. ನುಂಗಿದ್ದು ಹೊರಗೆ ಬರುವ ತನಕ ಅವಳಿಗೆ ನಿದ್ದೆ ಇಲ್ಲ.

ಮೂರನೇ ದಿನ ಬೆಳಿಗ್ಗೆ ಗುಂಡಿ ತಾನೇ ಮುಂದೆ ಮೆಟ್ಟಿಲು ಹತ್ತಿದಳು. ಹೊಸ ಬಟ್ಟೆ ಸಿಕ್ಕ ಮಕ್ಕಳ ಹಾಗೆ ಏನೇನೋ ಹರಟುತ್ತಿದ್ದಳು, ಹೆದರಿದಾಗ ಅವಳದ್ದು ಅದೇ ಅಭ್ಯಾಸ. ಕೆಂಪು ಕಂಡ ಕೂಡಲೇ ಗಪ್ಪನೆ ಹಿಡಿದಳು. ಟೈಲರಮ್ಮ ಬಿಳಿ ಹಿಡಿದಳು. ದಾರದವಳು ನೀವಲು ಕೈಯಿಟ್ಟಳು. ಅವಳ ಹೆಬ್ಬೆರಳು ಕೆಂಪು ಸುತ್ತಿನ ಮೇಲೆ ನಿಂತಿತು. ಅವಳದ್ದು ಸಡಿಲ ಸುತ್ತು, ಇದು ಅಚ್ಚುಕಟ್ಟು. ಕನ್ನಡಕದ ಮೇಲಿಂದ ಟೈಲರಮ್ಮನನ್ನು ನೋಡಿದಳು. ಕೆಳಗೆ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸುತ್ತಿದ್ದ ಸದ್ದು ಬರುತ್ತಿತ್ತು. ಆಮೇಲೆ ಅವಳು ಒಂದೇ ಒಂದು ಮಾತು ಹೇಳಿ ನೀವಲು ಶುರುಮಾಡಿದಳು.

ಟೈಲರಮ್ಮನ ಕೈಯಿಂದ ಏನೋ ತಣ್ಣಗೆ ಜಾರಿ ಹೋಯಿತು. ನೋವೇನೂ ಇರಲಿಲ್ಲ. ನಿಧಾನವಾಗಿ ಹೊಟ್ಟೆಯೊಳಗೆ ಆ ಒದ್ದೆ ಬಟ್ಟೆ ಮತ್ತೆ ಒಂದು ಸುತ್ತು ತಿರುಗಿತು. ಅವಳು ಉಸಿರು ಬಿಗಿಹಿಡಿದು ನಗುತ್ತಲೇ ಕೂತಳು.

ಅಳೆದಾಗ ಮೂರು ಮೊಳ ಭರ್ತಿ ಬಂತು, ಮೇಲೆ ಒಂದು ಬೆರಳು ಮಿಕ್ಕಿತು. "ಸರಿಹೋಯ್ತು ಅಕ್ಕ!" ಎಂದು ಗುಂಡಿ ಅವಳನ್ನು ತಬ್ಬಿಕೊಂಡಳು. ದಾರ ಬೆಳೆದಿರಲಿಲ್ಲ. ಅಳತೆಗೆ ಚಾಚಿದ ಟೈಲರಮ್ಮನ ಕೈ ಗಿಡ್ಡವಾಗಿತ್ತು. ದಾರದವಳು ಅದನ್ನು ಹಲಗೆಯ ಖಾಲಿ ಮೊಳೆಗೆ ನೇತುಹಾಕಿದಳು. ಅದು ಅಲ್ಲಾಡುತ್ತಿತ್ತು, ಸ್ವಲ್ಪ.

ಬೀದಿಗೆ ಬಂದ ಮೇಲೆ ಟೈಲರಮ್ಮ ಅಡುಗೆಯವನನ್ನು ಮೆಲ್ಲಗೆ ಕೇಳಿದಳು. "ಏನಂದಳು ಅವಳು?"

"'ಒಳ್ಳೇ ಕೈ' ಅಂದಳು" ಎಂದ ಅವನು, ಬೇರೆ ಕಡೆ ನೋಡುತ್ತಾ.

ಮರುದಿನ ಮಧ್ಯಾಹ್ನ ವಿಮಾನ. ಬಸ್ಸಿನವರೆಲ್ಲ ಸಿಕ್ಕರು. ಸುಟ್ಟ ಬ್ರೆಡ್ಡಿನಿಂದಲೇ ವಾಸಿಯಾಯಿತೆಂದು ಪೋಸ್ಟ್‌ಮಾಸ್ಟರು ಎಲ್ಲರಿಗೂ ಹೇಳಿಕೊಂಡು ಬಂದರು. ಟೈಲರಮ್ಮ ಯಾರ ಕೈಯನ್ನೂ ಹಿಡಿಯದೆ ನಡೆದು ಸೀಟಿನಲ್ಲಿ ಕೂತಳು. ಶಾಲನ್ನು ಬೆರಳು ಮುಚ್ಚುವ ತನಕ ಹೊದ್ದುಕೊಂಡಿದ್ದಳು. ವಿಮಾನ ಮೇಲೇರಿದ ಮೇಲೆ ಊಟ ಬಂತು, ಅವಳು ಬೇಡ ಅಂದಳು.

ಗುಂಡಿ ನೀರಿನ ಲೋಟಕ್ಕೆ ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. ತಾನೇ ಮಡಿಚಿ ಹೊಲಿದ ತೋಳು ಮಣಿಕಟ್ಟಿನ ಮೇಲಕ್ಕೆ ಸರಿದು, ಎರಡು ಬೆರಳಿಗಿಂತ ಹೆಚ್ಚು ಕೈ ಹೊರಗೆ ಕಾಣುತ್ತಿತ್ತು.

"ಅಕ್ಕ, ನನ್ನ ಕುರ್ತಾ ತೋಳು ಗಿಡ್ಡ ಆಗಿದೆ."

"ಒಗೆದಿದೀಯಲ್ಲ, ಕುಗ್ಗಿದೆ. ಮಲಕ್ಕೋ."

"ನಾನು ಒಗೆದೇ ಇಲ್ಲ."

ಟೈಲರಮ್ಮ ಕಿಟಕಿಯ ಕಡೆ ತಿರುಗಿದಳು. ಗುಂಡಿ ಶಾಲು ಸರಿಸಿದಳು. ಬೇಡ ಅನ್ನುವಷ್ಟು ಶಕ್ತಿ ಅಕ್ಕನಿಗಿರಲಿಲ್ಲ. ಸೀಟುಗಳ ನಡುವಿನ ಕೈಹಿಡಿಯ ಮೇಲೆ ಅಕ್ಕನ ಮೊಣಕೈಗೆ ತನ್ನ ಮೊಣಕೈ ಕೂಡಿಸಿ, ಅಂಗೈ ಪಕ್ಕ ಅಂಗೈ ಇಟ್ಟಳು, ಅಂಗಡಿಯ ಟೇಬಲ್ಲಿನ ಮೇಲೆ ಇಡುತ್ತಿದ್ದ ಹಾಗೇ. ಅವಳ ನಡುಬೆರಳು ಅಕ್ಕನ ಬೆರಳನ್ನು ದಾಟಿ ಮುಂದೆ ಹೋಗಿತ್ತು. ಅಕ್ಕನ ಅಂಗೈ ಬೆವರಿನಲ್ಲಿ ಒದ್ದೆಯಾಗಿತ್ತು.

"ಏನು ಮಾಡ್ದೆ ನೀನು?" ಎಂದಳು ಗುಂಡಿ. "ಅಕ್ಕ, ಏನು ಮಾಡ್ದೆ?"

ಟೈಲರಮ್ಮ ಆ ಎರಡು ಕೈಗಳನ್ನು ನೋಡಿದಳು. ನೋವು ಒಂದು ಸುತ್ತು ತಿರುಗಿ ಸಡಿಲವಾಗುವ ತನಕ ಕಾದಳು.

"ಕತ್ತರಿ ದೊಡ್ಡ ಪೆಟ್ಟಿಗೆಯಲ್ಲಿದೆ, ನನ್ನ ಹಸಿರು ಸೀರೆ ಒಳಗೆ" ಎಂದಳು. "ಇಳಿದ ತಕ್ಷಣ ತಗೋ. ಇನ್ಮೇಲೆ ಅದು ನಿಂದು."