ತೋಕುಜಿಯವರ ಹಾಡು ಯಾರಿಗೆ?

ಹಚಿನೊಹೆ ಬಂದರಿನ ಹಿಂದುಗಡೆ ‘ಕಮೊಮೆ’ ಎಂಬ ಪುಟ್ಟ ಕಾಫಿ ಅಂಗಡಿ. ಬುಧವಾರ ಮಧ್ಯಾಹ್ನ ಅಲ್ಲಿ ಸೇರಿ ಕರೋಕೆ ಹಾಡುವವರಿಗೆಲ್ಲ ಒಂದೊಂದು ಸ್ವಂತ ಹಾಡಿತ್ತು. ಸ್ವಂತದ್ದು ಎಂದರೆ ಅವರು ಬರೆದದ್ದಲ್ಲ. ಬರೆದು, ರಾಗ ಹಾಕಿ, ಹಾಡಿದವಳು ಉರಾನೊ ಸಾವಾಕೊ. ಅವಳು ಗಿಟಾರ್ ತಬ್ಬಿಕೊಂಡು ಟಿವಿಯಲ್ಲಿ ಮೊದಲು ಕಾಣಿಸಿಕೊಂಡಾಗ ಇವರೆಲ್ಲ ಹರೆಯದವರು. ಅವಳ ಹಾಡು ಕೇಳಿ ಪ್ರೀತಿಸಿದವರು, ಕೇಳಿ ಅತ್ತವರು, ಕೇಳುತ್ತಲೇ ರಾಶಿ ರಾಶಿ ಮೀನು ಹೆಚ್ಚಿದವರು. ಈಗ ಅವಳ ಹಾಡುಗಳನ್ನು ಅಣ್ಣತಮ್ಮಂದಿರು ಗದ್ದೆ ಪಾಲು ಮಾಡಿಕೊಂಡ ಹಾಗೆ ಹಂಚಿಕೊಂಡಿದ್ದರು. ಒಬ್ಬರ ಹಾಡನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

ಇದನ್ನು ಯಾರೂ ಗೋಡೆಗೆ ಬರೆದು ಅಂಟಿಸಿರಲಿಲ್ಲ. ಒಮ್ಮೆ ಊರಿಗೆ ವರ್ಗವಾಗಿ ಬಂದ ಬ್ಯಾಂಕಿನ ನೌಕರನೊಬ್ಬ ಏನೂ ಅರಿಯದೆ ಅಂಚೆಯ ನಿವೃತ್ತ ನೌಕರರೊಬ್ಬರ ಹಾಡನ್ನು ಎತ್ತಿಕೊಂಡು, ಅದೂ ಚೆನ್ನಾಗಿ, ಹಾಡಿಬಿಟ್ಟ. ಯಾರೂ ಒಂದು ಮಾತು ಅನ್ನಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅಂದಿನಿಂದ ಅವನ ಮೇಜಿಗೆ ಕಾಫಿ ಆರಿದ ಮೇಲೇ ಬರತೊಡಗಿತು. ತಿಂಗಳಾದ ಮೇಲೆ ಯಾರೋ ಅವನ ಕಿವಿಯಲ್ಲಿ ಊದಿದರು. ಪಾಪ, ಸಿಹಿಯ ಪೆಟ್ಟಿಗೆ ಹಿಡಿದುಕೊಂಡು ಬಂದು ಸೊಂಟ ಬಗ್ಗಿಸಿ ಕ್ಷಮೆ ಕೇಳಿದ. ಆಮೇಲೆ ಅವನಿಗೂ ಬಿಸಿ ಕಾಫಿ ಸಿಕ್ಕಿತು.

ಕಿನುಯೊಳ ಪಾಲಿಗೆ ಬಂದದ್ದು ‘ಒಂಟಿ ಕಾಲುಚೀಲ’. ಬಿಟ್ಟುಹೋದ ಗಂಡಸೊಬ್ಬ ಒಂದೇ ಒಂದು ಕಾಲುಚೀಲ ಮರೆತುಹೋದ ತಮಾಷೆಯ ಹಾಡು. ಗಂಡ ತೀರಿಕೊಂಡ ಮೇಲೆ ಮೊದಲ ಸಲ ಕಮೊಮೆಗೆ ಬಂದ ದಿನ, ಯಾರೂ ತನ್ನನ್ನು ನೋಡಿ ಅಯ್ಯೋ ಅನ್ನಬಾರದೆಂದು ಅದನ್ನು ಹಾಡಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಗೆ ಅವಳ ಹಣೆಬರಹ ನಿಶ್ಚಯವಾಯಿತು. ಬೆಳಗಿನ ಸಂತೆಯಲ್ಲಿ ಒಣ ಬೊಂಡಾಸ್ ಮೀನು ಮಾರುವ ಈ ಹೆಂಗಸಿನದು ಇಡೀ ಬಂದರಿಗೇ ಒಳ್ಳೆಯ ಕಂಠ, ಹಾಡುವುದು ಮಾತ್ರ ಕಾಲುಚೀಲ.

ಅವಳ ಕಣ್ಣಿದ್ದದ್ದು ‘ಏಳು ಗಂಟೆಯ ಹಡಗು’ ಎಂಬ ಹಾಡಿನ ಮೇಲೆ. ಸಾವಾಕೊ ಬರೆದದ್ದರಲ್ಲೆಲ್ಲ ಅದಕ್ಕೆ ಸಮನಾದದ್ದಿಲ್ಲ ಎಂದು ಕಿನುಯೊಳ ಖಚಿತ ಅಭಿಪ್ರಾಯ. ಆದರೆ ಅದು ತೋಕುಜಿಯವರದು. ಬೊಂಡಾಸ್ ಹಿಡಿಯುವ ದೋಣಿಗಳಲ್ಲಿ ಎಂಜಿನ್ ನೋಡಿಕೊಂಡೇ ಮುದುಕರಾದವರು. ಆ ಗದ್ದಲದ ಪಕ್ಕ ಜೀವಮಾನ ಕಳೆದ ಕಿವಿಯ ಹತ್ತಿರ ಶ್ರುತಿ ಸುಳಿಯುತ್ತಲೂ ಇರಲಿಲ್ಲ. ಎರಡನೆಯ ಚರಣದಲ್ಲಿ ದನಿ ಮೇಲಕ್ಕೇರಬೇಕಾದ ಜಾಗ ಬಂದಾಗ ಅವರು ನಿಲ್ಲಿಸಿ, ಕೆಮ್ಮಿ, ಒಂದು ಗುಟುಕು ಚಹಾ ಕುಡಿದು, ಹಾಡು ಕೆಳಗಿಳಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದರು. ಬುಧವಾರ ಬುಧವಾರವೂ ಇದೇ. ಆ ಚಹಾದ ಗುಟುಕಿನ ಹೊತ್ತಿನಲ್ಲಿ ಕಿನುಯೊ ಬಾಯಿ ಬಿಗಿಹಿಡಿದು, ಹೊಟ್ಟೆಯೊಳಗೇ ಆ ಸಾಲನ್ನು ಹಾಡಿಕೊಳ್ಳುತ್ತಿದ್ದಳು.

ಮಾರ್ಚ್ ಮೊದಲ ಬುಧವಾರ ತೋಕುಜಿ ಕಪ್ಪು ಕೆಳಗಿಟ್ಟು, “ಮಗಳು ಚೀಬಾಗೆ ಬಂದ್ಬಿಡಿ ಅಂತಿದಾಳೆ. ಮೊನ್ನೆ ಹಿಮದ ಮೇಲೆ ಜಾರಿ ಬಿದ್ನಲ್ಲ, ಅದೇ ನೆಪ. ತಿಂಗಳ ಕೊನೆಗೆ ಹೊರಡ್ತೀನಿ,” ಎಂದರು.

ಮೊದಲು ಬಾಯಿ ಬಿಟ್ಟವಳು ಹಿಸಾನೊ. ಈಕೆ ಕೇಶಾಲಂಕಾರದ ಅಂಗಡಿ ಇಟ್ಟವಳು, ಶಾಲೆಯಿಂದಲೂ ಕಿನುಯೊಳ ಗೆಳತಿ, ಅಂದರೆ ಎದುರಾಳಿ.

“ಅಯ್ಯೋ! ಹಾಗಾದ್ರೆ ‘ಏಳು ಗಂಟೆಯ ಹಡಗು’ ಯಾರ್ಗೆ?”

“ಮನುಷ್ಯ ಇನ್ನೂ ಎದುರಿಗೇ ಕೂತಿದಾರೆ ಕಣೇ,” ಎಂದು ಅಂಗಡಿಯ ಒಡತಿ ರಿತ್ಸುಕೊ ಗದರಿದಳು.

“ಕೂತಿದಾರಲ್ಲ, ಅದಕ್ಕೇ ಕೇಳ್ತಿರೋದು. ಹೋದ್ಮೇಲೆ ಯಾರನ್ನ ಕೇಳ್ಲಿ?”

“ನಿಂಗ್ಯಾಕೆ ಅದು? ನಿನ್ ಗಂಟಲಿಗೆ ಆ ಹಡಗು ದಡ ಬಿಡಲ್ಲ,” ಎಂದಳು ಕಿನುಯೊ. ಆಮೇಲೆ ಕೆನ್ನೆ ಬಿಸಿಯಾಯಿತು. ಒಳಗಿನ ಆಸೆ ಇಷ್ಟು ಬೇಗ ಹೊರಬೀಳುತ್ತದೆ ಎಂದು ಅವಳೇ ಅಂದುಕೊಂಡಿರಲಿಲ್ಲ.

ತೋಕುಜಿ ಜೋರಾಗಿ ನಕ್ಕುಬಿಟ್ಟರು. “ಜಗಳ ಆಡ್ಬೇಡಿ. ಕೊನೇ ಬುಧವಾರ ನಾನೇ ಹೇಳ್ತೀನಿ, ಯಾರಿಗೆ ಅಂತ.”

ಅಲ್ಲಿಂದ ಶುರುವಾಯಿತು ಸೇವೆ. ಹಿಸಾನೊ ಕೋಳಿ ಸಾರು ಮಾಡಿ, ಅದಕ್ಕೆ ಸೆಂಬೆ ಎಂಬ ಗರಿಗರಿ ಬಿಲ್ಲೆಗಳನ್ನು ಮುರಿದು ಹಾಕಿ, ಪಾತ್ರೆಯ ಸಮೇತ ತೋಕುಜಿಯವರ ಮನೆಗೆ ಹೊತ್ತಳು. ಕಿನುಯೊ ಬೊಂಡಾಸ್ ಮತ್ತು ಮೂಲಂಗಿ ಬೇಯಿಸಿ ಒಯ್ದಳು. ಹಿಸಾನೊ ಅವರನ್ನು ತನ್ನ ಅಂಗಡಿಯಲ್ಲಿ ಕೂರಿಸಿ ಪುಕ್ಕಟೆಯಾಗಿ ಕೂದಲು ಕತ್ತರಿಸಿ, ಹುಬ್ಬನ್ನೂ ತಿದ್ದಿ ಕಳಿಸಿದಳು. ಆ ಹುಬ್ಬು ನೋಡಿದ ದಿನ ಕಿನುಯೊಗೆ ಮೈಯೆಲ್ಲ ಉರಿದುಹೋಯಿತು. ಹಾಡು ಕೈತಪ್ಪುತ್ತದಲ್ಲ ಎಂಬ ಉರಿ ಎಂದೇ ಅವಳು ತಿಳಿದಳು. ಸರಿ, ಹಾಗೆಯೇ ತಿಳಿಯಲಿ.

“ಕಿನುಯೊ ಅವರೇ, ಒಂದು ಕೇಳ್ಲಾ? ಆ ಹಾಡು ನಿಮಗ್ಯಾಕೆ ಅಷ್ಟು ಬೇಕು?” ಎಂದು ತೋಕುಜಿ ಮೂಲಂಗಿ ಮೆಲ್ಲುತ್ತ ಕೇಳಿದರು. ಅವರ ಮನೆಯಲ್ಲಿ ಅರ್ಧ ಸಾಮಾನು ಆಗಲೇ ಪೆಟ್ಟಿಗೆ ಸೇರಿತ್ತು. ಕೂರಲು ಒಂದೇ ದಿಂಬು ಉಳಿದಿತ್ತು, ಅದನ್ನು ಅವಳಿಗೆ ಕೊಟ್ಟಿದ್ದರು.

“ನಿಜ ಹೇಳ್ಲಾ?”

“ಸುಳ್ಳು ಹೇಳೋಕೆ ಮೂಲಂಗಿ ಯಾಕೆ ತರ್ತೀರಿ?”

“ನೀವು ಪ್ರತಿ ವಾರ ಅದನ್ನ ಹಾಳು ಮಾಡ್ತೀರಿ, ಅದಕ್ಕೆ. ಹಡಗು ಸರಿಯಾಗಿ ಸಮುದ್ರದ ಮಧ್ಯ ಬರೋ ಹೊತ್ತಿಗೆ ನೀವು ಚಹಾ ಕುಡೀತೀರಿ. ಅಲ್ಲಿ ನನ್ನ ಜೀವ ಹೋಗತ್ತೆ.”

ತೋಕುಜಿಗೆ ನಗು ತಡೆಯಲಾಗದೆ ಮೂಲಂಗಿ ನೆತ್ತಿಗೇರಿತು. ಕಿನುಯೊ ಬೆನ್ನು ತಟ್ಟಿದಳು. ಕೆಮ್ಮು ನಿಂತ ಮೇಲೆ ಅವರು ಕಣ್ಣೊರೆಸಿಕೊಂಡು, “ಹಾಗಾದ್ರೆ ಹೋಗೋದ್ರೊಳಗೆ ಆ ಜಾಗ ನಂಗೆ ಕಲಿಸಿ. ಒಂದ್ಸಲ ಪೂರ್ತಿ ಹಾಡಿ ನಿಮ್ಮ ಕೈಗೆ ಕೊಡ್ತೀನಿ,” ಎಂದರು.

ಪಾಠ ನಡೆದದ್ದು ಬಂದರಿನ ಕಲ್ಲುಕಟ್ಟೆಯ ಮೇಲೆ, ಸಂತೆ ಮುಗಿದ ಬಳಿಕ. ಹಿಮ ಕರಗಿ ಬಿಸಿಲು ಬಿದ್ದಿತ್ತು, ಗಾಳಿ ಮಾತ್ರ ಇನ್ನೂ ಚಳಿಗಾಲದ್ದೇ. ಕಿನುಯೊ ಸಾಲನ್ನು ಹಾಡಿ ತೋರಿಸುವಳು. ತೋಕುಜಿ ಎದೆ ಉಬ್ಬಿಸಿ, ಕಣ್ಣು ಮುಚ್ಚಿ, ಮೇಲಕ್ಕೆ ಹಾರುವರು. ಪ್ರತಿ ಸಲವೂ ದನಿ ಅರ್ಧ ದಾರಿಯಲ್ಲಿ ಸೀಳಿಹೋಗುವುದು. ಕಟ್ಟೆಯ ಮೇಲೆ ಕೂತ ಕಡಲಹಕ್ಕಿಗಳು ಗಾಬರಿಯಿಂದ ಏಳುವುವು.

“ಹಕ್ಕಿಗೂ ಬೇಡವಾಯ್ತಲ್ರೀ!” ಎಂದು ಕಿನುಯೊ ಕಲ್ಲಿನ ಮೇಲೆ ಕುಸಿದು ಕೂತು ನಗುವಳು. ಗಂಡ ಹೋದಮೇಲೆ ಅವಳು ಹೀಗೆ ನಕ್ಕದ್ದಿಲ್ಲ.

“ಇಲ್ಲಿ ಹಕ್ಕಿ ಆದ್ರೂ ಕೇಳತ್ತೆ,” ಎಂದರು ತೋಕುಜಿ. “ಚೀಬಾದಲ್ಲಿ ಎಂಟನೇ ಮಹಡಿ. ಗೋಡೆ ತೆಳು, ‘ಅಪ್ಪ, ನೀವು ಕೆಮ್ಮೋದಾದ್ರೂ ಮೆಲ್ಲಗೆ ಕೆಮ್ಮಿ’ ಅಂದಿದಾಳೆ ಮಗಳು. ಒಳ್ಳೇ ಹುಡುಗೀನೇ. ಬೇಡ ಅನ್ನೋಕೆ ನನ್ನ ಹತ್ರ ಏನು ಕಾರಣ ಇದೆ ಹೇಳಿ?”

ಕಿನುಯೊಳ ಬಾಯಿಗೆ ಏನೋ ಬಂದಿತ್ತು, ಅದು ಏನೆಂದು ಸರಿಯಾಗಿ ಗುರುತು ಸಿಗಲಿಲ್ಲ. ಆ ಸಂಜೆ ಸ್ನಾನದ ಬಿಸಿನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ‘ಏಳು ಗಂಟೆಯ ಹಡಗು’ ಪೂರ್ತಿ ಹಾಡಿದಳು. ಎತ್ತರದ ಜಾಗ ಬೆಣ್ಣೆಯ ಹಾಗೆ ಬಂತು. ಹಾಡು ಮುಗಿಯಿತು, ನೀರು ತಣ್ಣಗಾಯಿತು, ಯಾರೂ ಕೆಮ್ಮಲಿಲ್ಲ. ಕಿನುಯೊಗೆ ಎಲ್ಲಿಲ್ಲದ ಬೇಸರ ಬಂದು ಕವಿಯಿತು.

ಕೊನೆಯ ಬುಧವಾರ ಕಮೊಮೆ ತುಂಬಿ ತುಳುಕುತ್ತಿತ್ತು. ಬ್ಯಾಂಕಿನವನೂ ರಜೆ ಹಾಕಿ ಬಂದಿದ್ದ. ತೋಕುಜಿ ಇದ್ದ ಒಂದೇ ಕೋಟು ಹಾಕಿಕೊಂಡು ಬಂದರು, ಉಳಿದದ್ದೆಲ್ಲ ಹಿಂದಿನ ದಿನವೇ ಚೀಬಾಗೆ ಹೋಗಿತ್ತು. ಹಿಸಾನೊ ಮುಂದಿನ ಕುರ್ಚಿಯಲ್ಲಿ, ಗೆಲ್ಲುವ ಮುಖ ಮಾಡಿಕೊಂಡು ಕೂತಿದ್ದಳು.

“ನಾನು ಕೊನೇ ಸಲ ಹಾಡಲ್ಲ,” ಎಂದರು ತೋಕುಜಿ. “ಎಷ್ಟು ಕಲಿಸಿದ್ರೂ ಆ ಜಾಗ ನಂಗೆ ಹತ್ತಲಿಲ್ಲ. ಹತ್ತೋರಿಗೇ ಹಾಡು ಹೋಗಲಿ. ಹಿಸಾನೊ ಅವರೇ, ಹುಬ್ಬಿಗೆ ತುಂಬಾ ಉಪಕಾರವಾಯ್ತು. ಹಾಡು ಮಾತ್ರ ಕಿನುಯೊ ಅವರಿಗೆ.”

ಚಪ್ಪಾಳೆ ಬಿತ್ತು. ಹಿಸಾನೊ ಮೂಗು ಮುರಿದು, ಆಮೇಲೆ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ರಿತ್ಸುಕೊ ಯಂತ್ರದ ಗುಂಡಿ ಒತ್ತಿದಳು. ಇಷ್ಟು ವರ್ಷ ಹೊಟ್ಟೆಯೊಳಗಿಟ್ಟುಕೊಂಡಿದ್ದ ಹಾಡಿನ ಆರಂಭದ ಗಿಟಾರ್ ಅಂಗಡಿಯಲ್ಲಿ ಹರಡಿತು. ಕಿನುಯೊ ಮೈಕು ಹಿಡಿದು ನಿಂತಳು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬಣ್ಣ ಬದಲಿಸುತ್ತ ಓಡತೊಡಗಿದವು. ಮೊದಲ ಸಾಲು ಹೋಯಿತು. ಎರಡನೆಯದೂ ಹೋಯಿತು.

“ಏನೇ ಆಯ್ತು, ಮರೆತೋಯ್ತಾ?” ಎಂದಳು ಹಿಸಾನೊ.

“ಬೇಡ,” ಎಂದಳು ಕಿನುಯೊ. ಮೈಕಿನಲ್ಲೇ ಹೇಳಿದ್ದರಿಂದ ಅದು ಗೋಡೆಗೆಲ್ಲ ಬಡಿದು ವಾಪಸು ಬಂತು. “ನಂಗೆ ಈ ಹಾಡು ಬೇಡ.”

“ಇಷ್ಟು ಮೂಲಂಗಿ ಬೇಯಿಸಿ ಈಗ ಬೇಡ್ವಾ!”

“ಸುಮ್ನಿರೇ, ಹೇಳೋಕೆ ಬಿಡು.” ಕಿನುಯೊ ತಲೆ ತಗ್ಗಿಸದೆ ನೇರ ತೋಕುಜಿಯವರನ್ನೇ ನೋಡಿದಳು. “ನಾನು ಪ್ರತಿ ಬುಧವಾರ ಇದನ್ನ ಚೆನ್ನಾಗಿ ಹಾಡ್ತೀನಿ. ಎಲ್ಲರೂ ಚಪ್ಪಾಳೆ ತಟ್ತಾರೆ. ನಾನು ನಿಮ್ಮ ಕುರ್ಚಿ ನೋಡ್ಕೊಂಡು ನಿಂತಿರ್ತೀನಿ. ಅಂಥ ಹಾಡು ಯಾರಿಗೆ ಬೇಕು? ಬೇಡ ಅನ್ನೋಕೆ ಕಾರಣ ಏನಿದೆ ಅಂದ್ರಲ್ಲ. ನಾನಿದೀನಿ. ಹೋಗ್ಬೇಡಿ. ಇಲ್ಲೇ ಇದ್ದು, ಸಾಯೋವರೆಗೂ ಇದನ್ನ ಹಾಳು ಮಾಡಿ.”

ಅಂಗಡಿಯಲ್ಲಿ ಗಿಟಾರ್ ಒಂದೇ ಮಾತಾಡುತ್ತಿತ್ತು. ತೋಕುಜಿಯವರ ಕಿವಿ ಕೆಂಪಗಾಯಿತು, ಆ ಕೆಂಪು ನಿಧಾನವಾಗಿ ತಿದ್ದಿದ ಹುಬ್ಬಿನವರೆಗೂ ಏರಿತು. ಅವರು ಚಹಾದ ಕಪ್ಪು ಎತ್ತಿದರು, ಕುಡಿಯದೆ ಕೆಳಗಿಟ್ಟರು, ಎದ್ದು ಬಂದು ಇನ್ನೊಂದು ಮೈಕು ಕೈಗೆತ್ತಿಕೊಂಡರು. ಎರಡನೆಯ ಚರಣ ಅರ್ಧಕ್ಕೆ ಬಂದಿತ್ತು. ಅಲ್ಲೇ ಹಾರಿ ಹತ್ತಿದರು. ಎತ್ತರದ ಜಾಗ ಬಂದಾಗ ಈ ಸಲ ನಿಲ್ಲಲಿಲ್ಲ, ಕೆಮ್ಮಲಿಲ್ಲ, ಕಣ್ಣು ಮುಚ್ಚಿ ನೇರ ನುಗ್ಗಿದರು. ದನಿ ಚಿಂದಿಚಿಂದಿಯಾಯಿತು. ಉರಾನೊ ಸಾವಾಕೊ ಕೇಳಿದ್ದರೆ ಗಿಟಾರ್ ಮಾರಿಬಿಡುತ್ತಿದ್ದಳೋ ಏನೋ. ಕಿನುಯೊ ಅಳುತ್ತ, ನಗುತ್ತ, ಕೈಯಲ್ಲಿದ್ದ ಮೈಕನ್ನು ಎದೆಗೆ ಒತ್ತಿಕೊಂಡಿದ್ದಳು. ಅವಳ ಎದೆಬಡಿತ ಅಂಗಡಿಗೆಲ್ಲ ಕೇಳಿಸುತ್ತಿತ್ತು.

ಹಾಡು ಮುಗಿಯಿತು. ತೋಕುಜಿ ಏದುಸಿರು ಬಿಡುತ್ತ, ಮೈಕು ಬಾಯಿಯ ಹತ್ತಿರವೇ ಇದೆ ಎಂಬುದನ್ನು ಮರೆತು, “ಮಗಳಿಗೆ ಫೋನ್ ಮಾಡಬೇಕಲ್ಲ,” ಎಂದರು. “ಮಾಡಬೇಕಲ್ಲ... ಬೇಕಲ್ಲ...” ಎಂದು ಕಮೊಮೆಯ ಗೋಡೆಗಳೆಲ್ಲ ಹೇಳಿದವು.

“ನಂಬರ್ ಒತ್ತಿ ಕೊಡಿ,” ಎಂದಳು ಕಿನುಯೊ. “ನಾನೇ ಮಾತಾಡ್ತೀನಿ.”