ಕಿಟಕಿಯಿಲ್ಲದ ಕೋಣೆ

ಪಾಣೆಮಂಗಳೂರಿನ ಮಮ್ಮುಕಾಕನ ಟ್ರಾವೆಲ್ಸಿಗೆ ಬರುವವರೆಲ್ಲ ದುಬೈ, ದಮ್ಮಾಮ್, ಮಸ್ಕತ್ತಿನವರು. ದೀಪಶ್ರೀ ಕೌಲಾಲಂಪುರ ಅಂದಾಗ ಅವರು ಕಂಪ್ಯೂಟರಿನಿಂದ ಮುಖ ಎತ್ತಿದರು.

"ಅಲ್ಲಿ ಯಾರಿದ್ದಾರೆ ನಿನಗೆ?"

"ಯಾರೂ ಇಲ್ಲ."

"ಕೆಲಸಕ್ಕಾ?"

"ಅಲ್ಲ ಕಾಕ. ನೋಡಿ ಬರ್ಲಿಕ್ಕೆ."

ನೋಡಿ ಬರಲು ಒಬ್ಬಳೇ ಹೊರಟವಳಿಗೆ ಅವರು ಈವರೆಗೆ ಟಿಕೆಟ್ ಮಾಡಿರಲಿಲ್ಲ. ದೀಪಶ್ರೀ ಅಗ್ಗದ ವಿಮಾನವನ್ನು ಫೋನಿನಲ್ಲಿ ತಾನೇ ಹುಡುಕಿಕೊಂಡಿದ್ದಳು. ಅವಳ ಬ್ಯಾಂಕ್ ಕಾರ್ಡಿನಿಂದ ಹಣ ಹೋಗಲಿಲ್ಲ, ಹಾಗಾಗಿ ಇಲ್ಲಿಗೆ ಬಂದದ್ದು. ಬೆಂಗಳೂರಿನಿಂದ ಹೊರಡುವ ವಿಮಾನ, ಊಟವಿಲ್ಲ, ಕೈಚೀಲ ಬಿಟ್ಟರೆ ಬೇರೆ ಲಗೇಜಿಲ್ಲ.

"ಇರ್ಲಿಕ್ಕೆ ಡಾರ್ಮಿಟರಿ ಉಂಟು ನೋಡು. ಲೇಡೀಸಿಗೇ ಬೇರೆ. ಕಾಲುಭಾಗ ರೇಟಿಗೆ ಆಗ್ತದೆ. ನಿನ್ನ ಬಜೆಟಿಗೆ ಅದೇ ಒಳ್ಳೆಯದು."

"ಬಂಕ್ ಬೆಡ್ ಬೇಡ. ಒಬ್ಬಳ ರೂಮ್ ಬೇಕು. ಒಳಗಿನಿಂದ ಬೋಲ್ಟ್ ಇರಬೇಕು."

"ಈ ದುಡ್ಡಿಗೆ ಒಬ್ಬಳ ರೂಮಿಗೆ ಕಿಟಕಿ ಸಿಗುದಿಲ್ಲ ಮಾರಾಯ್ತಿ."

"ಕಿಟಕಿ ಬೇಡ."

"ಅಷ್ಟು ದೂರ ನೋಡ್ಲಿಕ್ಕೆ ಹೋಗುದು, ಕಿಟಕಿ ಬೇಡ," ಎಂದು ಮಮ್ಮುಕಾಕ ತಮಗೇ ಹೇಳಿಕೊಂಡು ಬಟನ್ ಒತ್ತಿದರು.

ದೀಪಶ್ರೀಗೆ ಇಪ್ಪತ್ತೊಂಬತ್ತು ವರ್ಷ. ಮೂಡುಬಿದಿರೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್. ಮನೆ ಬೆಳ್ತಂಗಡಿಯಿಂದ ಮೇಲೆ, ಬಸ್ಸು ತಿರುಗಿ ವಾಪಸು ಬರುವ ಊರಿನಲ್ಲಿ. ಅಲ್ಲಿ ಒಂದೇ ಚಾವಡಿ. ಅಜ್ಜಿ, ಅಮ್ಮ, ತಂಗಿ, ಅವಳು, ಬಂದ ನೆಂಟರು, ಎಲ್ಲರೂ ಸಾಲಾಗಿ ಚಾಪೆ ಹಾಕಿ ಮಲಗುವುದು. ಐದನೇ ಕ್ಲಾಸಿಗೆ ಸರಕಾರಿ ಹಾಸ್ಟೆಲ್ ಸೇರಿದಳು. ಅದಾದ ಮೇಲೆ ಕಾಲೇಜಿನ ಹಾಸ್ಟೆಲ್. ಅದಾದ ಮೇಲೆ ಈ ಕೆಲಸ. ಇಲ್ಲಿ ವಾರ್ಡನ್ ಕೋಣೆ ಅಂತ ಒಂದಿದೆ. ಜ್ವರ ಬಂದ ಹುಡುಗಿಯರಿಗೆಂದು ಅದರಲ್ಲಿ ಎರಡನೇ ಮಂಚ, ನೆಲದಲ್ಲಿ ಅಡುಗೆಯ ಪದ್ಮಾಕ್ಷಿ. ರಾತ್ರಿ ಯಾರಿಗಾದರೂ ಏನಾದರೂ ಆಗಬಹುದು, ಆದ್ದರಿಂದ ವಾರ್ಡನ್ ಬಾಗಿಲಿಗೆ ಬೋಲ್ಟ್ ಹಾಕುವಂತಿಲ್ಲ.

ಅವಳು ಹುಟ್ಟಿದ ಮೇಲೆ ಒಂದು ರಾತ್ರಿಯೂ ಒಂದು ಕೋಣೆಯಲ್ಲಿ ಒಬ್ಬಳೇ ಮಲಗಿರಲಿಲ್ಲ. ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳಿದರೆ ಹೆದರಿಕೆಯಾಗುವುದಿಲ್ಲವಾ ಎಂದು ಕೇಳುತ್ತಾರೆ. ಮಂಗಳೂರಿನಲ್ಲಿ ಒಂದು ಲಾಡ್ಜ್ ಹಿಡಿಯುವ ಬಗ್ಗೆ ಅವಳು ಯೋಚಿಸಿದ್ದುಂಟು. ಆದರೆ ಅಲ್ಲಿ ಆಧಾರ್ ಕಾರ್ಡ್ ನೋಡಿದವನು ಬೆಳ್ತಂಗಡಿಯಲ್ಲಿ ಎಲ್ಲಿ ಅನ್ನುತ್ತಾನೆ, ಆಮೇಲೆ ಯಾರ ಮಗಳು ಅನ್ನುತ್ತಾನೆ, ಸಂಜೆಯ ಬಸ್ಸಿಗಿಂತ ಮೊದಲು ಸುದ್ದಿ ಮನೆಗೆ ಮುಟ್ಟುತ್ತದೆ. ಆ ಪ್ರಶ್ನೆ ಕೇಳಲು ಯಾರೂ ಇಲ್ಲದ ಊರು ಬೇಕಿತ್ತು. ಗಲ್ಫ್ ಆಗುವುದಿಲ್ಲ, ಅಲ್ಲಿ ಪ್ರತಿ ಬೀದಿಯಲ್ಲಿ ನಮ್ಮವರೇ. ಮೂರು ವರ್ಷ ದೀಪಾವಳಿ, ಕ್ರಿಸ್‌ಮಸ್ ರಜೆಗಳಲ್ಲಿ ಉಳಿದ ವಾರ್ಡನ್‌ಗಳ ಡ್ಯೂಟಿಯನ್ನೂ ತಾನೇ ಮಾಡಿ ಅವಳು ಹಣ ಕೂಡಿಸಿದ್ದಳು. ಅದರಲ್ಲಿ ಐದು ರಾತ್ರಿಗಳು ಸಿಕ್ಕಿದವು.

ಮನೆಯಲ್ಲಿ ಹೇಳಿದಾಗ ಅಪ್ಪ ಚನಿಯಪ್ಪ, "ಅಲ್ಲಿ ರಬ್ಬರ್ ಉಂಟಂತೆ," ಅಂದರು. ಆ ದೇಶದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟೇ.

"ಒಬ್ಬಳೇ ಯಾಕೆ? ಮೋಕ್ಷಿತನನ್ನು ಕರ್ಕೊಂಡು ಹೋಗು," ಎಂದು ಅಮ್ಮ ಸುಂದರಿ ತಂಗಿಯ ಕಡೆ ಕೈ ತೋರಿಸಿದಳು.

"ನನಗೆ ಬೇಡ," ಮೋಕ್ಷಿತಾ ಅಂದಳು. "ಇವಳು ಅಲ್ಲಿಯೂ ಹತ್ತು ಗಂಟೆಗೆ ಲೈಟ್ ಆಫ್ ಮಾಡಿಸ್ತಾಳೆ."

ರಜೆ ಕೊಡಬೇಕಾದವರು ನೀಲಾವತಿಯಕ್ಕ. ಹಾಸ್ಟೆಲ್ ಅವರದು. ಅವರ ಹತ್ತಿರ ದೀಪಶ್ರೀ ಮಾಡಿದ ತಪ್ಪೆಂದರೆ ಊರಿನ ಹೆಸರು ಹೇಳಿದ್ದು. ದೆಹಲಿ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನೀಲಾವತಿಯಕ್ಕನ ಮಗಳು ನಿಖಿತಾ ಸಿಂಗಾಪುರದಲ್ಲಿದ್ದಾಳೆ ಎಂದೇ ಹಾಸ್ಟೆಲಿನಲ್ಲಿ ಎಲ್ಲರೂ ತಿಳಿದಿದ್ದರು. ಈ ವರ್ಷ ಕೌಲಾಲಂಪುರಕ್ಕೆ ಬದಲಾದದ್ದನ್ನು ನೀಲಾವತಿಯಕ್ಕ ಹೇಳಿಕೊಂಡಿರಲಿಲ್ಲ. ಕೆಳಗಿಳಿದ ಹಾಗೆ ಕಾಣುತ್ತದೆ ಅಂತ.

"ಸರಿಯಾಯ್ತು," ಅಂದರು ನೀಲಾವತಿಯಕ್ಕ. "ನಮ್ಮ ನಿಖಿತಾ ಅಲ್ಲೇ ಇದ್ದಾಳೆ. ರೂಮ್ ಮಾಡಿದ್ದೀಯಾ?"

"ಮಾಡಿದ್ದೇನೆ ಅಕ್ಕ."

"ಕ್ಯಾನ್ಸಲ್ ಮಾಡು. ನಮ್ಮವರು ಇರುವ ಊರಿಗೆ ಹೋಗಿ ಲಾಡ್ಜಲ್ಲಿ ಮಲಗಿದ್ದಾಳೆ ಅಂದ್ರೆ ನಾನು ಯಾರಿಗೆ ಮುಖ ತೋರಿಸುದು? ಅವಳದ್ದು ಎರಡು ಬೆಡ್‌ರೂಮಿನ ಫ್ಲಾಟ್. ಅವಳಿಗೂ ಒಬ್ಬಳೇ ಇದ್ದು ಬೇಜಾರಾಗಿದೆ."

"ಸರಿ ಅಕ್ಕ," ಅಂದಳು ದೀಪಶ್ರೀ. ಆ ಮನೆಯವರಿಗೆ ಅವಳು ಬೇರೆ ಉತ್ತರ ಕೊಟ್ಟದ್ದೇ ಇಲ್ಲ. ಆದರೆ ಕ್ಯಾನ್ಸಲ್ ಮಾಡಲಿಲ್ಲ.

ಹೊರಡುವ ದಿನ ನೀಲಾವತಿಯಕ್ಕ ಪಾರ್ಸೆಲ್ ತಂದರು. ಅಕ್ಕಿಯ ಗರಿಗರಿ ಕೋರಿ ರೊಟ್ಟಿಯ ಕಟ್ಟು, ಹಲಸಿನ ಹಪ್ಪಳ, ಸಾರಿನ ಹುಡಿ. ಪರದೇಶಕ್ಕೆ ಹೋಗುವವರ ಕೈಯಲ್ಲಿ ಏನೂ ಕಳಿಸದೆ ಇರುವುದು ನಮ್ಮಲ್ಲಿ ಇಲ್ಲ. ಬೇಡ ಅನ್ನುವುದೂ ಇಲ್ಲ. ಏಳು ಕಿಲೋ ಮಾತ್ರ ಬಿಡುತ್ತಾರೆ ಎಂದಾಗ ಅವರು ಅಡುಗೆಮನೆಯ ತಕ್ಕಡಿ ತರಿಸಿ ಅವಳ ಬ್ಯಾಗನ್ನು ಅದರ ಮೇಲೆ ಇಟ್ಟರು.

"ಐದು ದಿವಸಕ್ಕೆ ಇಷ್ಟು ಡ್ರೆಸ್ಸಾ? ಎರಡು ತೆಗಿ. ಅಲ್ಲಿ ನಿಖಿತನದ್ದು ಹಾಕಿಕೋ, ಬಟ್ಟೆ ತುಂಬಿ ಅವಳ ಕಪಾಟಿನ ಬಾಗಿಲೇ ಮುಚ್ಚುದಿಲ್ಲ."

ಎರಡು ಡ್ರೆಸ್ ಹೊರಗೆ ಬಂದವು. ಕೋರಿ ರೊಟ್ಟಿ ಹುಡಿಯಾಗಬಾರದೆಂದು ಉಳಿದ ಬಟ್ಟೆಗಳನ್ನು ಅದರ ಸುತ್ತ ಸುತ್ತಿದರು.

ಬೆಂಗಳೂರಿನವರೆಗೆ ಬಸ್ಸಿನಲ್ಲಿ ಅವಳು ಯೋಚಿಸಿದ್ದು ಒಂದನ್ನೇ. ನಿಖಿತಾ ಏರ್‌ಪೋರ್ಟಿಗೆ ಬರುತ್ತಾಳೆ. ಕಾರಿನಲ್ಲಿ ಕೂರಿಸುತ್ತಾಳೆ. ಮಾತಾಡುತ್ತಾ ಮಲಗುವ ಅನ್ನುತ್ತಾಳೆ. ಐದು ರಾತ್ರಿಯೂ ಮಾತಾಡುತ್ತಾ ಮಲಗಬೇಕಾಗುತ್ತದೆ. ವಿಮಾನ ಹತ್ತುವ ಮೊದಲು ನಿಖಿತಾಳ ಮೆಸೇಜ್ ಬಂತು: "ಡ್ಯೂಟಿ ಉಂಟು, ಏರ್‌ಪೋರ್ಟಿಗೆ ಬರ್ಲಿಕ್ಕೆ ಆಗುದಿಲ್ಲ. ರೂಮ್ ಕ್ಯಾನ್ಸಲ್ ಮಾಡ್ಬೇಡ. ನಾಡಿದ್ದು ಸಂಜೆ ನಾನೇ ಬರ್ತೇನೆ. ಅಮ್ಮನಿಗೆ ಹೇಳ್ಬೇಡ." ಯಾಕೆಂದು ದೀಪಶ್ರೀ ಕೇಳಲಿಲ್ಲ. ಕೇಳಿದರೆ ಮನಸ್ಸು ಬದಲಾಯಿಸಿಯಾಳು ಎಂದು ಹೆದರಿದಳು.

ಕೌಲಾಲಂಪುರದಲ್ಲಿ ಅವಳ ಕೋಣೆ, ಫ್ಯಾನು ಮಿಕ್ಸಿ ಮಾರುವ ಒಂದು ಅಂಗಡಿಯ ಮೇಲಿತ್ತು. ಕಡಿದಾದ ಮೆಟ್ಟಿಲು, ಉದ್ದ ಕಾರಿಡಾರ್, ಅದರ ಕೊನೆಯಲ್ಲಿ ಬಾಗಿಲು. ಮಂಚ ಹಾಕಿ ಉಳಿದ ಜಾಗದಲ್ಲಿ ಒಬ್ಬರು ನಿಲ್ಲಬಹುದು. ಗೋಡೆಯಾಚೆ ಯಾರದೋ ಕೆಮ್ಮು. ಹಿಂದೆ ಯಾರೋ ಸಿಗರೇಟು ಸೇದಿದ ವಾಸನೆ. ಬೋಲ್ಟ್ ಇತ್ತು. ಹಾಕಿದಳು. ಗಟ್ಟಿ ಇದೆಯಾ ನೋಡಲು ತೆಗೆದು ಮತ್ತೆ ಹಾಕಿದಳು.

ಅವಳು ಬಟ್ಟೆ ಬದಲಾಯಿಸಿದ್ದು ಕೋಣೆಯ ಮಧ್ಯದಲ್ಲಿ ನಿಂತು, ನಿಧಾನವಾಗಿ. ಹಾಸ್ಟೆಲಿನಲ್ಲಿ ನೈಟಿಯನ್ನು ತಲೆಯ ಮೇಲಿಂದ ಇಳಿಸಿಕೊಂಡು ಅದರೊಳಗೇ ಉಳಿದದ್ದನ್ನು ಕಳಚುವುದು. ಕೈಗಳು ಇಲ್ಲಿಯೂ ಮೊದಲು ಹಾಗೆಯೇ ಮಾಡಲು ಹೋದವು. ಒಂದು ಪದ್ಯ ಹಾಡಿದಳು, ತಪ್ಪು ತಪ್ಪಾಗಿ. ದೀಪ ಆರಿಸದೆ ಮಲಗಿದಳು. ರಾತ್ರಿ ಯಾರೂ ಮಿಸ್ ಅಂತ ಕರೆಯಲಿಲ್ಲ. ಯಾರ ಬಕೆಟ್ ಸದ್ದೂ ಇಲ್ಲದೆ ಎಚ್ಚರವಾದಾಗ ಎಷ್ಟು ಹೊತ್ತಾಗಿದೆ ಎಂದು ತಿಳಿಯಲಿಲ್ಲ. ತಿಳಿಯದೆ ಹಾಗೇ ಬಿದ್ದುಕೊಂಡದ್ದು ಅವಳಿಗೆ ಸುಖವಾಗಿತ್ತು.

ಹಗಲು ನಡೆದಳು. ಬಸ್ಸಿಗೆ ಹಣ ಹಾಕದೆ ನಡೆದರೆ ಒಂದು ಹೊತ್ತಿನ ಊಟ ಉಳಿಯುತ್ತಿತ್ತು. ಎರಡು ಎತ್ತರದ ಕಟ್ಟಡಗಳನ್ನು ಕೆಳಗಿನಿಂದ ನೋಡಿದಳು, ಮೇಲೆ ಹೋಗಲು ಟಿಕೆಟ್. ತಳ್ಳುಗಾಡಿಯಲ್ಲಿ ಬಾಳೆಹಣ್ಣಿನ ಬಜ್ಜಿ ಮಾರುತ್ತಿದ್ದ ಹೆಂಗಸು ಇವಳ ಮುಖ ನೋಡದೆ ಚಿಲ್ಲರೆ ಕೊಟ್ಟಳು. ಒಂದಿಡೀ ದಿನ ಅವಳಿಗೆ ಯಾರೂ ಯಾವ ಊರು, ಯಾರ ಮಗಳು, ಮದುವೆ ಆಗಿದೆಯಾ ಎಂದು ಕೇಳಲಿಲ್ಲ. ಸಂಜೆ ಆದಂತೆ ಅವಳ ಕಾಲು ತಾನಾಗಿ ಆ ಮೆಟ್ಟಿಲುಗಳ ಕಡೆ ತಿರುಗುತ್ತಿತ್ತು. ಊರು ನೋಡಲು ಬಂದವಳಿಗೆ ಕೋಣೆಯದ್ದೇ ಆಸೆ.

ಮೂರನೇ ದಿನದ ಸಂಜೆ ನಿಖಿತಾ ಬಂದಳು. ಫೋಟೋದಲ್ಲಿ ಕಂಡದ್ದಕ್ಕಿಂತ ಸಣಕಲಾಗಿದ್ದಳು. ಮಂಚದ ತುದಿಯಲ್ಲಿ ಕೂತು ಕೋಣೆಯನ್ನು ಸುತ್ತ ನೋಡಿದಳು.

"ಇಡೀ ನಿನಗೊಬ್ಬಳಿಗೇ?"

"ಹೌದು ನಿಖಿತಕ್ಕ. ಇಷ್ಟೇ ಇರುವುದು."

"ಇಷ್ಟೇ ಅಂತೆ." ನಿಖಿತಾ ನಕ್ಕಳು. "ಫ್ಲಾಟ್ ಇಲ್ಲ ಮಾರಾಯ್ತಿ. ಅಮ್ಮನಿಗೆ ಕಳಿಸಿದ್ದು ನಮ್ಮ ಹೋಟೆಲಿನ ಗೆಸ್ಟ್ ರೂಮಿನ ಫೋಟೋ. ನಾನಿರುದು ಸ್ಟಾಫ್ ಕ್ವಾರ್ಟರ್ಸಿನಲ್ಲಿ, ಆರು ಜನ. ಮೂರು ಬಂಕ್ ಬೆಡ್. ಒಬ್ಬಳು ಡ್ಯೂಟಿಯಿಂದ ಬರ್ತಾಳೆ, ಒಬ್ಬಳು ಹೊರಡ್ತಾಳೆ. ಲೈಟ್ ಆಫ್ ಆಗುದೇ ಇಲ್ಲ."

ದೀಪಶ್ರೀ ಬ್ಯಾಗಿನಿಂದ ಪಾರ್ಸೆಲ್ ತೆಗೆದು ಅವಳ ಮಡಿಲಲ್ಲಿ ಇಟ್ಟಳು. ಲೈಟ್ ಆಫ್ ಮಾಡಿಸುವ ಕೆಲಸ ತನ್ನದು ಎಂದು ಹೇಳಿದರೆ ತಮಾಷೆಯಾಗುತ್ತಿತ್ತೋ ಏನೋ.

"ಅಮ್ಮ ಇವತ್ತು ಮನೆ ತೋರಿಸು ಅಂತ ಕೂತಿದ್ದಾರೆ. ನೀನೂ ಕಾಣಬೇಕಂತೆ. ವೀಡಿಯೊ ಕಾಲ್ ಇಲ್ಲಿಂದಲೇ ಮಾಡುವ."

ವೀಡಿಯೊದಲ್ಲಿ ನೀಲಾವತಿಯಕ್ಕ ಫೋನನ್ನು ತೀರ ಹತ್ತಿರ ಹಿಡಿದಿದ್ದರು. ಹಣೆ ಮಾತ್ರ ಕಾಣುತ್ತಿತ್ತು.

"ಅದು ಯಾವ ಕೋಣೆ? ಗೋಡೆ ಮಾತ್ರ ಕಾಣ್ತದಲ್ಲ."

"ದೀಪಾಳಿಗೆ ಕೊಟ್ಟ ಕೋಣೆ ಅಮ್ಮ."

"ಕಿಟಕಿ ತೆಗಿ. ಗಾಳಿ ಬರ್ಲಿ."

"ಕಿಟಕಿ ಈ ಕಡೆ ಉಂಟು. ಬಿಸಿಲು ಹೊಡೀತದೆ ಅಂತ ಮುಚ್ಚಿದ್ದು."

"ದೀಪಾ, ಸರಿಯಾಗಿ ನೋಡಿಕೊಳ್ತಾಳಾ ಇವಳು?"

"ಹೌದು ಅಕ್ಕ," ಅಂದಳು ದೀಪಶ್ರೀ.

"ಒಟ್ಟಿಗೆ ಮಲಗಿ. ನಿಖಿತನಿಗೆ ಸಣ್ಣದರಿಂದಲೂ ಒಬ್ಬಳೇ ಮಲಗಿ ಗೊತ್ತಿಲ್ಲ."

ಫೋನ್ ಇಟ್ಟ ಮೇಲೆ ನಿಖಿತಾ ದಿಂಬಿನ ಮೇಲೆ ಕೈ ಇಟ್ಟು ಒತ್ತಿದಳು, ಎಷ್ಟು ಮೆತ್ತಗಿದೆ ಎಂದು ನೋಡುವ ಹಾಗೆ.

"ನಾಳೆ ನನಗೆ ರಜೆ," ಅಂದಳು. "ಒಂದು ರಾತ್ರಿ ಇಲ್ಲಿ ಮಲಗ್ತೇನೆ ದೀಪಾ. ಮಂಚ ಬೇಡ, ನೆಲ ಸಾಕು. ಮಾತಾಡ್ಲಿಕ್ಕೂ ಇಲ್ಲ. ಸುಮ್ಮನೆ ಮಲಗುದು."

ಸರಿ ಅಕ್ಕ ಎಂಬ ಮಾತು ದೀಪಶ್ರೀಯ ಬಾಯಿಗೆ ಬಂದಿತ್ತು. ಅದನ್ನು ಹೇಳುವುದು ಅವಳಿಗೆ ಉಸಿರಾಡಿದಷ್ಟು ಸುಲಭ. ಅವಳು ಬಾಗಿಲು ನೋಡಿದಳು.

"ಇಲ್ಲ ನಿಖಿತಕ್ಕ."

"ಏನು?"

"ಇಲ್ಲ. ಇಲ್ಲಿ ಬೇಡ."

"ಒಂದೇ ರಾತ್ರಿ ಮಾರಾಯ್ತಿ. ನಿನಗೆ ಮತ್ತೆಯೂ ಎರಡು ಉಂಟಲ್ಲ."

"ನಾನು ಒಬ್ಬಳೇ ಮಲಗಿದ್ದು ಮೊನ್ನೆ ಮೊದಲ ಸಲ. ಅದಕ್ಕೇ ಬಂದದ್ದು ನಾನು. ಈ ಊರು ನೋಡ್ಲಿಕ್ಕೆ ಅಲ್ಲ."

ನಿಖಿತಾ ಅವಳನ್ನು ನೋಡಿದಳು. "ನಾಲ್ಕು ವರ್ಷದಿಂದ ನನಗೂ ಅದೇ ಬೇಕು."

"ಗೊತ್ತುಂಟು."

"ಗೊತ್ತಿದ್ದೂ ಇಲ್ಲ ಅಂತೀಯಾ?"

"ಗೊತ್ತಿರುದಕ್ಕೇ ಅನ್ನುದು. ಇಬ್ಬರು ಮಲಗಿದ್ರೆ ಇಬ್ಬರಿಗೂ ಅದು ಸಿಗುದಿಲ್ಲ. ಬರೇ ಬೇಜಾರಂತ ಬಂದಿದ್ದರೆ ಇರಿ ಅಂತಿದ್ದೆ."

ಗೋಡೆಯಾಚೆಯವನು ಕೆಮ್ಮಿದ. ನಿಖಿತಾ ಎದ್ದು ಚಪ್ಪಲಿ ಹಾಕಿಕೊಂಡಳು. ಸಿಟ್ಟು ಬಂದಂತಿರಲಿಲ್ಲ. "ಅಮ್ಮನ ವಾರ್ಡನ್ ಅಂದ್ರೆ ವಾರ್ಡನ್ನೇ," ಅಂದಳು. ಪಾರ್ಸೆಲನ್ನು ಎದೆಗೆ ಒತ್ತಿಕೊಂಡು ಹೊರಟಳು.

ದೀಪಶ್ರೀ ಬೋಲ್ಟ್ ಹಾಕಿ ಮಂಚದ ಮೇಲೆ ಕೂತಳು. ಕಾಯುತ್ತಿದ್ದಳು, ಯಾವುದಕ್ಕೆಂದು ತಿಳಿಯಲಿಲ್ಲ. ಕೆಳಗೆ ಮೆಟ್ಟಿಲ ಕಡೆಯಿಂದ ಏನೋ ಮುರಿಯುವ ಸದ್ದು ಬಂತು. ಬಾಗಿಲು ತೆಗೆದು ಕಾರಿಡಾರಿನ ತುದಿಗೆ ಹೋದಳು. ನಿಖಿತಾ ಅರ್ಧದಾರಿಯ ಮೆಟ್ಟಿಲಲ್ಲಿ ಕೂತು ಕೋರಿ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಸಾರಿಲ್ಲದೆ, ಒಣಗಿದ್ದು.

ದೀಪಶ್ರೀ ನೀರಿನ ಬಾಟಲಿ ತಂದು ಪಕ್ಕದಲ್ಲಿ ಕೂತಳು.

"ಕ್ವಾರ್ಟರ್ಸಿಗೆ ತಕ್ಕೊಂಡು ಹೋದ್ರೆ ಆರು ಪಾಲು," ಅಂದಳು ನಿಖಿತಾ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. "ಕೊಡದೆ ತಿನ್ಲಿಕ್ಕೆ ಆಗುದಿಲ್ಲ. ಅದಕ್ಕೆ ಇಲ್ಲೇ ಮುಗಿಸುದು. ನಿನಗೆ ಬೇಕಾ?"

"ಬೇಡ. ನೀವು ತಿನ್ನಿ."

"ಒಳ್ಳೆಯದಾಯ್ತು." ಇನ್ನೊಂದು ತುಂಡು ಮುರಿದಳು. "ಮೂಡುಬಿದಿರೆಗೆ ಹೋದ್ಮೇಲೆ ಅಮ್ಮ ನಿನ್ನನ್ನು ಬಿಡುದಿಲ್ಲ. ಅಡುಗೆಮನೆ ಹೇಗುಂಟು ಕೇಳ್ತಾರೆ."

"ಚಂದ ಉಂಟು ಅಂತೇನೆ."

"ಕಿಟಕಿ ಹೇಳು. ಕಿಟಕಿ ದೊಡ್ಡದು ಅಂತ ಹೇಳು."

ಇಬ್ಬರೂ ನಕ್ಕರು. ಮೆಟ್ಟಿಲು ಹತ್ತಿ ಬಂದ ಒಬ್ಬ ಮುದುಕ ಗೋಡೆಗೆ ಒರಗಿ ಇವರನ್ನು ದಾಟಿ ಹೋದ. ನಿಖಿತಾ ಕಟ್ಟಿನಲ್ಲಿದ್ದ ರೊಟ್ಟಿ ಮುಗಿಯುವವರೆಗೂ ತಿಂದಳು, ಮಡಿಲಿಗೆ ಬಿದ್ದ ಚೂರುಗಳನ್ನೂ ಬೆರಳಿಗೆ ಅಂಟಿಸಿ ತಿಂದಳು. ಕೋಣೆಯಲ್ಲಿ ಮಲಗುತ್ತೇನೆಂದು ಇನ್ನೊಮ್ಮೆ ಕೇಳಿಯಾಳೇ ಎಂದು ದೀಪಶ್ರೀ ಕಾದಳು. ಕೇಳಿದ್ದರೆ ಏನು ಹೇಳುತ್ತಿದ್ದಳೋ. ನಿಖಿತಾ ಕೇಳಲಿಲ್ಲ. ಹಪ್ಪಳ ಮತ್ತು ಸಾರಿನ ಹುಡಿಯನ್ನು ಬ್ಯಾಗಿಗೆ ತುರುಕಿ ಎದ್ದು, ಅವಳ ತಲೆಯ ಮೇಲೆ ಒಮ್ಮೆ ಕೈ ಇಟ್ಟು ಕೆಳಗಿಳಿದು ಹೋದಳು.

ಕೋಣೆಯಲ್ಲಿ ಹಾಸಿಗೆಯ ತುದಿ ತಗ್ಗಾಗಿತ್ತು. ದೀಪಶ್ರೀ ಹೊದಿಕೆ ಎಳೆದು ಅದನ್ನು ಸರಿಮಾಡಿದಳು. ಬೋಲ್ಟ್ ಹಾಕಿದಳು. ಮೊದಲ ರಾತ್ರಿಯ ಹಾಗೆ ಹಾಡಲು ನೋಡಿದಳು, ಆಗಲಿಲ್ಲ. ಮಲಗಿ, ಒಂದು ಕೈಯನ್ನು ಗೋಡೆಗೆ ಒತ್ತಿ ಹಿಡಿದಳು. ಇನ್ನೂ ಇಲ್ಲಿಯೇ ಇದ್ದಳು, ಬಾಗಿಲು ಮುಚ್ಚಿತ್ತು, ಒಳಗೆ ಬೇರೆ ಯಾರೂ ಇರಲಿಲ್ಲ. ಆದರೂ ಒಬ್ಬಳದೇ ಕೋಣೆ ಬೇಕು ಎಂಬ ಆಸೆ ತೀರಿರಲಿಲ್ಲ, ಊರಿನಲ್ಲಿದ್ದಾಗ ಎಷ್ಟಿತ್ತೋ ಅಷ್ಟೇ ಇತ್ತು.