ಪಾರ್ಲನೊಗೆ ಕಾಶವ್ವನ ತಾಳ

ಇಟಾಲಿಯನ್ನಿನಲ್ಲಿ ‘ಅವರು ಮಾತಾಡುತ್ತಾರೆ’ ಅನ್ನುವಲ್ಲಿಗೆ ಬಂದಾಗಲೆಲ್ಲ ಶೀತಲ್‌ಳ ನಾಲಿಗೆ ಮುಗ್ಗರಿಸುತ್ತಿತ್ತು. ‘ನಾವು’, ‘ನೀವು’ಗಳಿಗೆ ಪರ್-ಲ್ಯಾ-ಮೊ, ಪರ್-ಲಾ-ತೆ ಎಂದು ನಡುವೆ ಒತ್ತು ಹಾಕಿ ಬಂದ ಹಾಳು ನಾಲಿಗೆ ಅದೇ ಹುರುಪಿನಲ್ಲಿ ಪರ್-ಲಾ-ನೊ ಅಂದುಬಿಡುತ್ತಿತ್ತು. ಒತ್ತು ಬೀಳಬೇಕಾದದ್ದು ಮೊದಲಿಗೇ: ಪಾರ್-ಲ-ನೊ. ಇಟಲಿಯಲ್ಲಿ ಬೂಟಿನ ವಿನ್ಯಾಸ ಕಲಿಯಲು ಅವಳಿಗೆ ಸೀಟು ಸಿಕ್ಕಿತ್ತು. ಆನ್‌ಲೈನ್ ಇಟಾಲಿಯನ್ ಭಾಷೆಯ ಮೌಖಿಕ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಅದೂ ಇಲ್ಲ.

ಕೊಂಢವಾ ಬಡಾವಣೆಯ ಅವರ ಮನೆಯಲ್ಲಿ ಸಂಜೆಯಾದರೆ ಅಜ್ಜಿ ಕಾಶವ್ವನ ಭಜನಾ ಮೇಳ ಸೇರುತ್ತಿತ್ತು. ಮೊಮ್ಮಗಳ ಗೋಳು ನೋಡಲಾರದೆ ಕಾಶವ್ವ ತಾಳ ಕೈಗೆತ್ತಿಕೊಂಡು, ಒತ್ತು ಬೀಳುವಲ್ಲಿ ಒಂದೊಂದು ಏಟು ಹಾಕಿದಳು. ಶೀತಲ್ ಹೇಳಿದ್ದನ್ನು ಮೇಳದ ಯಂಕವ್ವ, ಶಿವಕಾಂತಾ ಭಜನೆಯ ಸಾಲಿನಂತೆ ಎತ್ತಿ ಹೇಳಿದರು. ಅರ್ಥ ಕಟ್ಟಿಕೊಂಡು ಅವರಿಗೇನಾಗಬೇಕಿತ್ತು! ವಾರದೊಳಗೆ ನಾಲಿಗೆ ದಾರಿಗೆ ಬಂತು.

ಪರೀಕ್ಷೆಯ ದಿನ ಮಾತ್ರ ತೆಪ್ಪಗಿರಬೇಕೆಂದು ಶೀತಲ್ ಅಂಗಲಾಚಿದಳು.

“ಮುಂದಿನವರು ಹೇಳಿದ ಸಾಲು ಹಂಗ ಬಿಡಾಕ ಬರೂದಿಲ್ಲವ್ವ,” ಅಂದಳು ಕಾಶವ್ವ. “ಕಿವಿಗೆ ಬಿತ್ತಂದ್ರ ನಾವು ಎತ್ತವ್ರs.”

ಬೇರೆ ದಾರಿಯಿಲ್ಲದೆ ಅವತ್ತು ಬೆಳಿಗ್ಗೆ ಮೇಳವನ್ನೆಲ್ಲ ದೇವರ ದರ್ಶನಕ್ಕೆಂದು ಜೇಜುರಿಯ ಬಸ್ಸು ಹತ್ತಿಸಿ ಬಂದಳು.

ಪರೀಕ್ಷಕರು ನಗುವನ್ನು ಮನೆಯಲ್ಲೇ ಬಿಟ್ಟು ಬಂದಂತಿದ್ದ ಮುದುಕರು. ‘ಮಾತಾಡು’ ಪದದ ರೂಪಗಳನ್ನು ಸಾಲಾಗಿ ಹೇಳು ಅಂದರು. ಶೀತಲ್ “ಪಾರ್ಲೊ” ಅಂದಳು, ನಾನು ಮಾತಾಡುತ್ತೇನೆ. ಅಂದವಳು ಕಾದಳು. ಮನೆ ಬಿಕೋ ಅನ್ನುತ್ತಿತ್ತು, ಸಾಲು ಎತ್ತುವವರಿಲ್ಲ. ಮುಂದಿನ ರೂಪ ಬಾಯಿಗೆ ಬರಲೊಲ್ಲದು. ಪರೀಕ್ಷಕರು ನೆಟ್‌ವರ್ಕ್ ಹೋಯಿತೆಂದು ಪರದೆಯನ್ನು ತಟ್ಟಿದರು. ಸೀಟು ಹೋಯಿತು ಅಂದುಕೊಂಡಳು. ಹೋಗುವುದು ಹೇಗೂ ಹೋಯಿತೆಂದು ಹರುಕುಮುರುಕು ಇಟಾಲಿಯನ್ನಿನಲ್ಲಿ ನಿಜ ಹೇಳಿಬಿಟ್ಟಳು: ನಮ್ಮ ಮನೆಯಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿ ಹೇಳದೆ ಮುಂದೆ ಹೋಗುವುದಿಲ್ಲ.

ಮುದುಕರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು ತಾವೇ “ಪಾರ್ಲೊ” ಅಂದರು.

“ಪಾರ್ಲಿ,” ಅಂದಳು ಶೀತಲ್. ಅವರೂ ಅಂದರು. ಪಾರ್ಲನೊಗೆ ಬರುವಷ್ಟರಲ್ಲಿ ಅವರ ಪೆನ್ನು ಮೇಜಿನ ಮೇಲೆ ಸರಿಯಾದ ಜಾಗಕ್ಕೇ ಏಟು ಹಾಕುತ್ತಿತ್ತು.

ಸಂಜೆ ಹಣೆತುಂಬ ಗುಡಿಯ ಅರಿಸಿನದ ಭಂಡಾರ ಬಳಿದುಕೊಂಡು ಮೇಳ ಮರಳಿತು. ಪಾಸಾದ ಸುದ್ದಿಗೆ ಕಾಶವ್ವ ತಲೆಯಾಡಿಸಿದಳು, ಅಷ್ಟೆ. ಅವಳ ಚಿಂತೆ ಬೇರೆ.

“ಸಾಲು ಯಾರು ಎತ್ತಿದ್ರು?”

“ಪರೀಕ್ಷಾ ತಗೊಳ್ಳವ್ರs ಎತ್ತಿದ್ರು, ಅಜ್ಜಿ. ಪೆನ್ನಿಲೆ ತಾಳಾನೂ ಹಾಕಿದ್ರು.”

“ಪೆನ್ನಿಲೆ?” ಅಂದಳು ಕಾಶವ್ವ. ಒಳಗೆ ಹೋಗಿ ತನ್ನ ತಾಳದ ಜೋಡಿಯನ್ನು ಸೆರಗಿನಲ್ಲಿ ಒರೆಸಿ ತಂದು ಮೊಮ್ಮಗಳ ಕೈಗಿಟ್ಟಳು.

“ಹೋಗೂಮುಂದ ಒಯ್ಯವ್ವ. ಪಾಪ, ಅವ್ರ ಕಡೆ ತಾಳ ಇಲ್ಲ.”